ಬರೆಯಲಾರದ ಮಗುವಿಗಾಗಿ ನಾವು ಬರೆಯಬೇಕಾದದ್ದು



ಪ್ರಾಥಮಿಕ ಶಿಕ್ಷಣಕ್ಕೆ ಸಂಬಂಧಪಟ್ಟ ಯಾವುದಾದರೊಂದು ವಿಷಯದ ಮೇಲೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ಷರತ್ತು. ಇದನ್ನಿಟ್ಟವರ ತಂದೆ ಏಕೋಪಾಧ್ಯಾಯ ಶಾಲೆಯೊಂದರಲ್ಲಿ ಬಾಳೆಲ್ಲ ಕಳೆದ ಮೇಷ್ಟ್ರು. ಕರೆ ಬಂದಾಗ ನನಗೆ ಬೇರೆ ವಿಷಯ ಹೊಳೆಯಲೇ ಇಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಗಳಲ್ಲಿ ದುಡಿದಿದ್ದೇನೆ. ಕೊನೆಯ ಹನ್ನೊಂದು ವರ್ಷ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿಯಾಗಿ ತಾಲ್ಲೂಕೆಲ್ಲ ಓಡಾಡಿದ್ದೇನೆ. ಅಷ್ಟು ವರ್ಷಗಳಲ್ಲಿ ಒಂದೇ ಬಗೆಯ ಮಗು ನನ್ನ ಮುಂದೆ ಮತ್ತೆ ಮತ್ತೆ ಬಂದು ನಿಂತಿದೆ. ಆರೇಳು ವರ್ಷ ವಯಸ್ಸು. ಕೂತಲ್ಲಿ ಕೂರುವುದಿಲ್ಲ, ಪಕ್ಕದವರನ್ನು ಚಿವುಟುತ್ತದೆ, ಪುಸ್ತಕ ತೆಗೆ ಎಂದರೆ ಬ್ಯಾಗನ್ನು ಒದೆಯುತ್ತದೆ. ಓದಲು ಬಾರದು. ಶಾಲೆಯಲ್ಲಿ ಅದಕ್ಕೆ ಇರುವ ಹೆಸರು ‘ತರಲೆ’. ಮನೆಯಲ್ಲಿ ಇರುವ ಹೆಸರು ‘ದಡ್ಡ’. ಈ ಎರಡು ಹೆಸರುಗಳ ನಡುವೆ ಮಗು ಏನನ್ನು ಹೇಳಲು ಹೆಣಗುತ್ತಿದೆ, ಅದಕ್ಕೆ ಶಾಲೆಯಿಂದ ನೆರವು ಸಿಗಬೇಕಾದರೆ ದೊಡ್ಡವರು ಏನು ಮಾಡಬೇಕು ಎಂಬುದೇ ಇವತ್ತಿನ ಮಾತು.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. 2004ನೆಯ ಇಸವಿ. ನಾಲ್ಕನೇ ತರಗತಿ ನನ್ನದು. ಒಬ್ಬ ಹುಡುಗನಿದ್ದ. ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಬಿಂದಿಗೆ ತುಂಬುವುದರಲ್ಲಿ ಮುಂದೆ, ಬಿಸಿಯೂಟದ ತಟ್ಟೆ ಜೋಡಿಸುವುದರಲ್ಲಿ ಮುಂದೆ. ತರಗತಿಯೊಳಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ಯಾರದ್ದಾದರೂ ಪೆನ್ಸಿಲ್ ಮುರಿದಿರುತ್ತಿತ್ತು, ಯಾರಾದರೂ ಅಳುತ್ತಿರುತ್ತಿದ್ದರು. ನಾನು ಅವನನ್ನು ಹೊರಗೆ ಜಗಲಿಯ ಮೇಲೆ ಮಂಡಿಯೂರಿಸಿ ಕೂರಿಸುತ್ತಿದ್ದೆ. ಒಂದಲ್ಲ ಎರಡಲ್ಲ, ಒಂದು ವರ್ಷದ ಬಹುಪಾಲು ಹೀಗೇ ನಡೆಯಿತು. ನಾನು ಕೆಟ್ಟವಳಾಗಿದ್ದೆ ಎಂದೇನಲ್ಲ. ನನ್ನನ್ನೂ ಹಾಗೆಯೇ ಕೂರಿಸಿ ಕಲಿಸಿದ್ದರು. ದಂಡಂ ದಶಗುಣಂ ಎಂಬುದನ್ನು ನಂಬಿದ್ದೆ.

ಆ ವರ್ಷದ ಕೊನೆಗೆ ಒಂದು ತರಬೇತಿಗೆ ಹೋದೆ. ಅಲ್ಲಿ ಹೇಳಿಕೊಟ್ಟ ನೂರು ಮಾತುಗಳಲ್ಲಿ ಒಂದು ಮಾತ್ರ ನನ್ನ ಜೊತೆ ಮನೆಗೆ ಬಂತು. ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಮಗು ಗಲಾಟೆ ಮಾಡಿದಾಗಲೆಲ್ಲ ಗಡಿಯಾರ ನೋಡಿ ವೇಳೆ ಬರೆಯಿರಿ. ಗಲಾಟೆಗೆ ಸ್ವಲ್ಪ ಮುಂಚೆ ಏನು ನಡೆಯಿತು, ಆಮೇಲೆ ಏನಾಯಿತು ಎಂಬುದನ್ನು ಎರಡೇ ಸಾಲಿನಲ್ಲಿ ಬರೆಯಿರಿ. ನಿಮ್ಮ ಅಭಿಪ್ರಾಯವನ್ನು ಬರೆಯಬೇಡಿ. ಮೂರು ವಾರ ಬರೆದೆ. ಮೂರು ವಾರದ ಕೊನೆಗೆ ಪುಟ ತಿರುವಿ ನೋಡಿದರೆ ನನ್ನ ಕೈ ನಡುಗಿತು. ಮುಕ್ಕಾಲು ಪಾಲು ಗಲಾಟೆ ನಡೆದದ್ದು ಗಟ್ಟಿಯಾಗಿ ಓದಿಸುವ ಹೊತ್ತಿನಲ್ಲಿ, ಉಕ್ತಲೇಖನದ ಹೊತ್ತಿನಲ್ಲಿ, ಬೋರ್ಡಿನ ಮೇಲಿನದನ್ನು ನೋಡಿ ಬರೆಯುವ ಹೊತ್ತಿನಲ್ಲಿ. ಬಾಯಿಲೆಕ್ಕದ ಹೊತ್ತಿನಲ್ಲಿ ಒಂದೂ ಇಲ್ಲ. ಚಿತ್ರಕಲೆಯಲ್ಲಿ ಇಲ್ಲ. ಆಟದ ಬಯಲಿನಲ್ಲಿ ಇಲ್ಲ. ‘ಆಮೇಲೆ ಏನಾಯಿತು’ ಎಂಬ ಕಡೆ ಪ್ರತಿ ಸಲವೂ ನಾನೇ ಬರೆದಿದ್ದೆ: ಹೊರಗೆ ಕಳಿಸಿದೆ.

ಹೊರಗೆ ಕಳಿಸಿದರೆ ಓದುವ ಸರದಿ ತಪ್ಪುತ್ತದೆ. ಅವನಿಗೆ ಬೇಕಾಗಿದ್ದುದೂ ಅದೇ. ಮೂವತ್ತೆಂಟು ಮಕ್ಕಳ ಮುಂದೆ ಎದ್ದು ನಿಂತು ತಡವರಿಸಿ ನಗೆಪಾಟಲಾಗುವುದಕ್ಕಿಂತ ಜಗಲಿಯ ಕಲ್ಲಿನ ಮೇಲೆ ಮಂಡಿ ನೋಯಿಸಿಕೊಳ್ಳುವುದು ಅವನಿಗೆ ಹಗುರವಾಗಿತ್ತು. ನಾನು ಶಿಕ್ಷೆ ಎಂದುಕೊಂಡದ್ದನ್ನು ಅವನು ಬಿಡುಗಡೆ ಎಂದು ಪಡೆಯುತ್ತಿದ್ದ. ಆ ಹುಡುಗ ಐದನೇ ತರಗತಿಗೆ ಬರಲಿಲ್ಲ. ಮನೆಯವರು ಬೇರೆ ಊರಿಗೆ ಕೂಲಿಗೆ ಹೋದರು. ನನ್ನ ನೋಟ್‌ಪುಸ್ತಕ ಅವನ ಪಾಲಿಗೆ ತಡವಾಗಿ ಬಂತು.

ನಡವಳಿಕೆಯ ತೊಂದರೆ ಬೇರೆ, ಕಲಿಕೆಯ ತೊಂದರೆ ಬೇರೆ ಎಂದು ನಾವು ಎರಡು ಕಪಾಟು ಮಾಡಿಟ್ಟಿದ್ದೇವೆ. ಮೊದಲನೆಯದಕ್ಕೆ ಬೆತ್ತ, ಎರಡನೆಯದಕ್ಕೆ ಟ್ಯೂಷನ್. ಎಷ್ಟೋ ಮಕ್ಕಳಲ್ಲಿ ಇವು ಒಂದೇ ಬೇರಿನ ಎರಡು ಕವಲು. ಕೆಲವರಲ್ಲಿ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯೇ ಮೂಲವಾಗಿದ್ದು ಓದು ಹಿಂದೆ ಬೀಳುತ್ತದೆ. ಕೆಲವರಲ್ಲಿ ಅಕ್ಷರವೇ ಹಿಡಿತಕ್ಕೆ ಬಾರದೆ ಚೇಷ್ಟೆ ಹುಟ್ಟುತ್ತದೆ. ಎರಡೂ ಸೇರಿದ ಮಕ್ಕಳೂ ಉಂಟು. ಯಾವುದು ಯಾವುದೆಂದು ವಿಂಗಡಿಸುವುದು ತಜ್ಞರ ಕೆಲಸ. ಆದರೆ ವಿಂಗಡಿಸಲು ಬೇಕಾದ ಮೊದಲ ಮಾಹಿತಿ ತರಗತಿಯಲ್ಲಿ ಮಾತ್ರ ಸಿಗುತ್ತದೆ. ಯಾವ ಪಿರಿಯಡ್ಡಿನಲ್ಲಿ ಗಲಾಟೆ ಎಂಬುದು ಯಾವ ಆಸ್ಪತ್ರೆಯ ಯಂತ್ರಕ್ಕೂ ಗೊತ್ತಾಗುವ ಸಂಗತಿಯಲ್ಲ.

ಈ ತೊಡಕು ಈಚಿನ ಕಾಲದ ಮೊಬೈಲಿನಿಂದ ಬಂದದ್ದು ಎನ್ನುವವರಿಗಾಗಿ ಒಂದು ಹಳೆಯ ಸಂಗತಿ ಹೇಳಬೇಕು. 1896ರ ನವೆಂಬರಿನಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ವಿಚಾರ ಅದು. ಚೂಟಿಯಾದ ಹುಡುಗ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಲೆಕ್ಕ ಬರುತ್ತದೆ, ಕಣ್ಣು ಚೆನ್ನಾಗಿದೆ. ಓದಲು ಮಾತ್ರ ಬಾರದು. ತನ್ನ ಹೆಸರನ್ನೇ ಅಕ್ಷರ ಅದಲುಬದಲಾಗಿ ‘ಪ್ರೆಸಿ’ ಎಂದು ಬರೆದ, ತಪ್ಪಾಗಿದೆ ಎಂಬುದೇ ಅವನಿಗೆ ಕಾಣಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಚುರುಕು ಹುಡುಗ ಇನ್ನೊಬ್ಬನಿರಲಾರ ಎಂದು ಅವನ ಮೇಷ್ಟ್ರು ವೈದ್ಯರಿಗೆ ಹೇಳಿದ್ದರಂತೆ. ಅದನ್ನು ಓದಿದಾಗ ನನಗೆ ಜಗಲಿಯ ಮೇಲಿನ ಹುಡುಗನ ಬಾಯಿಲೆಕ್ಕ ನೆನಪಾಯಿತು. ನೂರಕ್ಕೂ ಹೆಚ್ಚು ವರ್ಷ ಹಿಂದೆ ಒಬ್ಬ ಮೇಷ್ಟ್ರಿಗೆ ಕಂಡದ್ದು ನನಗೆ ಕಂಡಿರಲಿಲ್ಲ.

ಇಂಗ್ಲಿಷ್ ಮಗುವಿನ ತೊಡಕನ್ನು ಹಾಗೆಯೇ ತಂದು ಕನ್ನಡದ ಮಗುವಿಗೆ ಅಂಟಿಸುವುದೂ ಸರಿಯಲ್ಲ. ನಮ್ಮ ಲಿಪಿಯ ಕಷ್ಟವೇ ಬೇರೆ. ವರ್ಣಮಾಲೆ ನಲವತ್ತೊಂಬತ್ತು ಅಕ್ಷರ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಮೂವತ್ತನಾಲ್ಕು ವ್ಯಂಜನಗಳಿಗೂ ಕಾಗುಣಿತ ಬರೆದು ನೋಡಿ, ಮಗುವಿನ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ‘ಸೂರ್ಯ’ ಎನ್ನುವಾಗ ಕಿವಿಗೆ ರಕಾರ ಮೊದಲು ಕೇಳುತ್ತದೆ, ಯಕಾರ ಆಮೇಲೆ. ಅರ್ಕಾವತ್ತಿನಲ್ಲಿ ಬರೆದರೆ ರಕಾರದ ಗುರುತು ಕೊನೆಗೆ ಹೋಗಿ ಕೂರುತ್ತದೆ. ಕೇಳಿದ ಕ್ರಮವೇ ಬೇರೆ, ಬರೆಯುವ ಕ್ರಮವೇ ಬೇರೆ. ಕ್ರಮವನ್ನು ನೆನಪಿಡುವುದೇ ಕಷ್ಟವಾದ ಮಗುವಿಗೆ ಇದು ದೊಡ್ಡ ಗೋಡೆ. ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನೇ ಹೇಳುತ್ತದೆ: ನಮ್ಮ ಅಕ್ಷರಗಳ ಮೇಲೆ ಮಗುವಿಗೆ ಹಿಡಿತ ಸಿಗುವ ಹೊತ್ತಿಗೆ ನಾಲ್ಕನೇ ತರಗತಿಯೂ ಬಂದಿರುತ್ತದೆ. ಹಾಗಾಗಿ ಒಂದನೇ ತರಗತಿಯ ಮಗು ಒತ್ತು ಬಿಟ್ಟು ‘ಹಣು’ ಎಂದು ಬರೆದರೆ ಗಾಬರಿಯಾಗಬೇಕಿಲ್ಲ. ನಾಲ್ಕನೇ ತರಗತಿಯ ನಡುವಿನಲ್ಲೂ ಮ-ಯ, ದ-ಧ, ಪ-ಷ ಬೆರೆಸುತ್ತ, ಒತ್ತನ್ನೂ ದೀರ್ಘವನ್ನೂ ಬಿಡುತ್ತ, ನಿನ್ನೆ ಓದಿದ ಪದವನ್ನು ಇವತ್ತು ಹೊಸದಾಗಿ ನೋಡುತ್ತಿದ್ದರೆ ಕೂತು ಯೋಚಿಸಬೇಕು.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ ಅದು ತೊಂದರೆಯ ಲಕ್ಷಣವಲ್ಲ. ಅವರ ಅವ್ವ ಹಾಗೆಯೇ ಅನ್ನುತ್ತಾಳೆ, ಮಗು ಕೇಳಿದ್ದನ್ನು ಬರೆದಿದೆ. ಸಕಾರ ಶಕಾರವೂ ಅಷ್ಟೇ, ಮಹಾಪ್ರಾಣವೂ ಅಷ್ಟೇ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಗು ಕನ್ನಡದಲ್ಲಿ ತಡವರಿಸುವುದೂ ಕಾಯಿಲೆಯಲ್ಲ. ಶಿಷ್ಟ ಕನ್ನಡ ಆಡದ ಮಕ್ಕಳ ಮೇಲೆಲ್ಲ ನ್ಯೂನತೆಯ ಚೀಟಿ ಅಂಟಿಸುವುದು ನಾವು ಮಾಡಬಹುದಾದ ಇನ್ನೊಂದು ದೊಡ್ಡ ಅನ್ಯಾಯ.

ಈಗ ಇನ್ನೊಬ್ಬ ಹುಡುಗನ ಕಡೆಗೆ ಬರುತ್ತೇನೆ. 2019ರ ಜುಲೈ. ನಾನು ಆಗ ಸಂಪನ್ಮೂಲ ಶಿಕ್ಷಕಿ. ಬಿಆರ್‌ಸಿ ಎಂಬ ಕ್ಷೇತ್ರ ಸಂಪನ್ಮೂಲ ಕೇಂದ್ರದ ಕಟ್ಟಡದ ಜಗಲಿಯ ಮೇಲೆ ಒಬ್ಬಳು ತಾಯಿ ಮಗನನ್ನು ತೊಡೆಯ ನಡುವೆ ಹಿಡಿದುಕೊಂಡು ಕೂತಿದ್ದಳು. ಗಾರ್ಮೆಂಟ್ಸ್‌ಗೆ ಹೋಗುವವಳು. ಒಂದು ದಿನ ರಜ ಹಾಕಿದರೆ ಆ ದಿನದ ಸಂಬಳದ ಜೊತೆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಅದು ಅವಳ ಐದನೆಯ ರಜ.

“ಮೇಡಮ್ಮೋರೆ, ಅಂಗಡಿಗೆ ಕಳ್ಸಿದ್ರೆ ಚಿಲ್ಲರೆ ಲೆಕ್ಕ ಸರಿಯಾಗಿ ತತ್ತಾನೆ. ಸ್ಕೂಲಲ್ಲಿ ಮಾತ್ರ ಏನೂ ಬರಲ್ಲ ಅಂತಾರೆ. ಟೀಸಿ ತಗೊಂಡು ಹೋಗಿ ಅಂದ್ಬಿಟ್ರು,” ಎಂದಳು.

ಹುಡುಗನಿಗೆ ಏಳು ವರ್ಷ. ಪಟ್ಟಣದ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದ್ದಳು. ಎರಡನೇ ತರಗತಿ ಶುರುವಾಗಿ ಒಂದೂವರೆ ತಿಂಗಳಿಗೆ, ಇವನಿಂದ ಬೇರೆ ಮಕ್ಕಳಿಗೆ ತೊಂದರೆಯಾಗುತ್ತಿದೆ ಎಂದು ಹೇಳಿ ಟೀಸಿಗೆ ಸಹಿ ಹಾಕಿಸಿಕೊಂಡಿದ್ದರು. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಹೋಗಿದ್ದಳು. ಶಾಲೆಯಿಂದ ವರದಿ ಬರೆಸಿಕೊಂಡು ಬನ್ನಿ ಎಂದು ಅಲ್ಲಿ ಕಳಿಸಿದರು. ಶಾಲೆಗೆ ಹೋದರೆ ಡಾಕ್ಟರ ಚೀಟಿ ಮೊದಲು ತನ್ನಿ ಎಂದರು. ಮತ್ತೆ ಆಸ್ಪತ್ರೆಗೆ ಹೋದಾಗ, ಕಲಿಕಾ ನ್ಯೂನತೆಯ ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ, ಆಗ ಬನ್ನಿ ಎಂದರು. ಅವಳ ಕೈಚೀಲ ತೆಗೆಸಿ ನೋಡಿದೆ. ಬಸ್ ಟಿಕೆಟ್ಟುಗಳಿದ್ದವು, ಒಂದು ಹೊರರೋಗಿ ಚೀಟಿ ಇತ್ತು, ಟೀಸಿ ಇತ್ತು. ಆ ಮಗುವಿಗೆ ಏನು ಕಷ್ಟ ಎಂದು ಯಾರೊಬ್ಬರೂ ಬರೆದುಕೊಟ್ಟ ಒಂದು ಸಾಲೂ ಇರಲಿಲ್ಲ. ಅವಳು ಕೇಳಿದ್ದೆಲ್ಲ ಬಾಯಿಮಾತಿನಲ್ಲಿ, ಅವಳಿಗೆ ಸಿಕ್ಕಿದ್ದೆಲ್ಲ ಬಾಯಿಮಾತಿನಲ್ಲಿ. ಬರೆಯಲಾರದ ಹುಡುಗನ ಸಲುವಾಗಿ ಬರೆಯಬಲ್ಲ ನಾವು ಯಾರೂ ಬರೆದಿರಲಿಲ್ಲ.

ಅವಳಿಗೆ ಹೇಳಿದ ಮಾತುಗಳನ್ನು ಕಾನೂನಿನ ಎದುರು ಇಟ್ಟು ನೋಡಿ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ 2009ರದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪ್ರಾಥಮಿಕ ಶಿಕ್ಷಣ, ಎಂದರೆ ಎಂಟನೇ ತರಗತಿ, ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಅದರ 16ನೆಯ ಕಲಂ ಹೇಳುತ್ತದೆ. ಅನುತ್ತೀರ್ಣಗೊಳಿಸುವ ವಿಚಾರದಲ್ಲಿ 2019ರಲ್ಲಿ ತಿದ್ದುಪಡಿ ಬಂತು, ಹೊರಹಾಕಬಾರದೆಂಬ ಮಾತು ಹಾಗೆಯೇ ಉಳಿಯಿತು. 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ನನ್ನ ಜಗಲಿಯ ಶಿಕ್ಷೆ ಇವತ್ತಾದರೆ ಕಾನೂನುಬಾಹಿರ. ಪೋಷಕರೇ ಒಪ್ಪಿ ಟೀಸಿ ಪಡೆದರು ಎಂದು ಶಾಲೆಗಳು ಹೇಳುತ್ತವೆ. ಹೆದರಿಸಿ ಹಾಕಿಸಿಕೊಂಡ ಸಹಿ ಒಪ್ಪಿಗೆಯಲ್ಲ. ತಾಯಂದಿರೇ, ಅಂಥ ಕಾಗದ ಮುಂದಿಟ್ಟರೆ ಸಹಿ ಮಾಡಬೇಡಿ. ನಿಮ್ಮ ಶಾಲೆ ಏಕೆ ನನ್ನ ಮಗುವನ್ನು ಇಟ್ಟುಕೊಳ್ಳಲಾರದು ಎಂದು ಬರೆದುಕೊಡಿ ಎಂದು ಕೇಳಿ.

ಎರಡನೆಯದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರದು, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ ಪಟ್ಟಿಯಲ್ಲಿ 21 ಬಗೆಯ ವಿಕಲತೆಗಳಿವೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ, ಬೌದ್ಧಿಕ ನ್ಯೂನತೆ, ಮಾತು ಮತ್ತು ಭಾಷೆಯ ತೊಂದರೆ ಸೇರಿವೆ. ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ವೈದ್ಯರು ಎಡಿಎಚ್‌ಡಿ ಎನ್ನುವುದು, ಆ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ. ಅದು ಆ ಕಾಯ್ದೆಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಆದರೂ ಕಾಯ್ದೆಯ 16ನೆಯ ಕಲಮನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಆ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ಬೇಕಾದ ಬೋಧನಾ ಕ್ರಮ ಕೈಗೊಳ್ಳಬೇಕು. ಈ ಹೊಣೆಯನ್ನು ಕಾಯ್ದೆ ಹೊರಿಸಿರುವುದು ಶಾಲೆಯ ಮೇಲೆ. ಪ್ರಮಾಣಪತ್ರ ತಂದ ಮೇಲೆ ಎಂದು ಅಲ್ಲಿ ಎಲ್ಲಿಯೂ ಇಲ್ಲ, ಶೇಕಡ 40ರಷ್ಟು ವಿಕಲತೆ ಇರಬೇಕು ಎಂಬ ಮಾತೂ ಇಲ್ಲ. ಆ 40ರ ಗಡಿ ಬರುವುದು ಮೀಸಲಾತಿಯಂಥ ಬೇರೆ ಸೌಲಭ್ಯಗಳಿಗೆ.

ಆಸ್ಪತ್ರೆಯವರು ಹೇಳಿದ ಎಂಟು ವರ್ಷದ ಮಾತು ಸುಳ್ಳಲ್ಲ. ಆಗ ಜಾರಿಯಲ್ಲಿದ್ದ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಿಕ್ಷಕರು ತಪಾಸಣೆ ಮಾಡಬೇಕಿತ್ತು. ಆಮೇಲೆ ಮಕ್ಕಳ ವೈದ್ಯರು, ಬುದ್ಧಿಮಟ್ಟದ ಪರೀಕ್ಷೆ, ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಗುಚ್ಛ. ಪ್ರಮಾಣಪತ್ರ ಎಂಟಕ್ಕೆ, ಮರುಪರೀಕ್ಷೆ ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಎಂದಿತ್ತು. ನಮ್ಮ ಲಿಪಿಯ ಮಾತು ಆಡಿದೆನಲ್ಲ, ಅಕ್ಷರ ಕೂಡಲು ಸಮಯ ಕೊಟ್ಟು ಆಮೇಲೆ ತೀರ್ಮಾನಿಸುವುದು ಒಳ್ಳೆಯದೇ. ಆದರೆ ಪ್ರಮಾಣಪತ್ರಕ್ಕೆ ಕಾಯುವುದು ಬೇರೆ, ನೆರವಿಗೆ ಕಾಯಿಸುವುದು ಬೇರೆ. ಆರನೇ ವಯಸ್ಸಿಗೆ ಶುರುವಾದ ಕಷ್ಟಕ್ಕೆ ಎಂಟನೇ ವಯಸ್ಸಿನ ತನಕ ಯಾರೂ ಕೈ ಕೊಡದಿದ್ದರೆ, ಆ ಎರಡು ವರ್ಷದಲ್ಲಿ ಮಗು ಕಲಿಯುವುದು ಒಂದೇ: ನಾನು ದಡ್ಡ.

ಪ್ರಮಾಣಪತ್ರದ ಜಾಲರಿಯಲ್ಲಿ ಸೋರಿಹೋಗುವ ಮಕ್ಕಳೂ ಇದ್ದಾರೆ. ಆ ಮಾರ್ಗಸೂಚಿಯಲ್ಲಿ ಬುದ್ಧಿಮಟ್ಟದ ಅಂಕ 85ಕ್ಕಿಂತ ಮೇಲಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಇತ್ತು. ಸುಮಾರು 70ಕ್ಕಿಂತ ಕೆಳಗಿದ್ದರೆ ಬೌದ್ಧಿಕ ನ್ಯೂನತೆ. ನಡುವೆ ಇರುವ ಮಗುವಿಗೆ ಅದೂ ಇರಲಿಲ್ಲ, ಇದೂ ಇರಲಿಲ್ಲ. ನಮ್ಮ ಹಳ್ಳಿ ಶಾಲೆಗಳಲ್ಲಿ ‘ನಿಧಾನ ಕಲಿಕೆಯವರು’ ಎಂದು ಹಾಜರಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಸಿಕೊಂಡಿರುವ ಎಷ್ಟೋ ಮಕ್ಕಳು ಈ ನಡುವಿನ ಜಾಗದವರು. ಅವರಿಗೆ ಯಾವ ಕಾರ್ಡೂ ಸಿಗುವುದಿಲ್ಲ. ಶಿಕ್ಷಕರ ಮನಸ್ಸೊಂದೇ ಅವರಿಗಿರುವ ಸೌಲಭ್ಯ.

ಆ ದಿನ ಜಗಲಿಯ ಮೇಲೆ ಕೂತು ಅವಳೂ ನಾನೂ ಒಂದು ಅರ್ಜಿ ಬರೆದೆವು. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರಿಗೆ. ನನ್ನ ಮಗನಿಗೆ ಏಳು ವರ್ಷ; ಬಾಯಲ್ಲಿ ಲೆಕ್ಕ ಮಾಡುತ್ತಾನೆ, ಕತೆ ಹೇಳಿದರೆ ಮರೆಯದೆ ಮತ್ತೆ ಹೇಳುತ್ತಾನೆ; ಅಕ್ಷರ ನೋಡಿದರೆ ಸಿಟ್ಟಿಗೇಳುತ್ತಾನೆ, ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ, ಜೋರಾಗಿ ಗದರಿದರೆ ಕಚ್ಚುತ್ತಾನೆ. ಇವನನ್ನು ಸೇರಿಸಿಕೊಂಡು ಗಮನಿಸಿ, ಆರೋಗ್ಯ ತಂಡಕ್ಕೂ ಸಂಪನ್ಮೂಲ ಶಿಕ್ಷಕರಿಗೂ ತೋರಿಸಿ, ತರಗತಿಯಲ್ಲಿ ಏನು ಹೊಂದಾಣಿಕೆ ಮಾಡುತ್ತೀರಿ ಎಂದು ತಿಳಿಸಬೇಕಾಗಿ ವಿನಂತಿ. ಒಂದು ಪುಟ, ಅಷ್ಟೇ. ಮಗುವಿಗೆ ಏನು ಬರುತ್ತದೆ ಎಂಬುದನ್ನು ಮೊದಲು ಬರೆಯಬೇಕು ಎಂದು ಪಟ್ಟು ಹಿಡಿದವಳು ಅವಳೇ. ನಾನಾಗಿದ್ದರೆ ದೂರಿನಿಂದಲೇ ಶುರು ಮಾಡುತ್ತಿದ್ದೆ. ಎರಡು ಪ್ರತಿ ಮಾಡಿದೆವು. ಮುಖ್ಯಶಿಕ್ಷಕರು ಒಂದನ್ನಿಟ್ಟುಕೊಂಡು ಇನ್ನೊಂದರ ಮೇಲೆ ತಾರೀಖು, ಸಹಿ, ಶಾಲೆಯ ಮೊಹರು ಹಾಕಿಕೊಟ್ಟರು. ಆ ಮೊಹರನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದ್ದು ನನಗೆ ಮರೆತಿಲ್ಲ.

ಆರೋಗ್ಯ ತಂಡದ ಮಾತು ಬಂತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಹುಟ್ಟಿನಿಂದ ಹದಿನೆಂಟರ ತನಕದ ಮಕ್ಕಳ ಬೆಳವಣಿಗೆಯ ತೊಡಕುಗಳೂ ಅವರ ಪಟ್ಟಿಯಲ್ಲಿವೆ. ಮಾತು ಕೇಳದ ಮಗುವಿಗೆ ಕಿವಿಯೇ ಕೇಳದಿರಬಹುದು. ಬೋರ್ಡು ನೋಡಿ ಬರೆಯದ ಮಗುವಿಗೆ ಕನ್ನಡಕ ಬೇಕಿರಬಹುದು. ಕೂತಲ್ಲೇ ಕೆಲವು ಕ್ಷಣ ಮಂಕಾಗಿ ದಿಟ್ಟಿಸುವ ಮಗುವಿಗೆ ಒಂದು ಬಗೆಯ ಅಪಸ್ಮಾರ ಇರಬಹುದು. ಅದನ್ನು ಗಮನವಿಲ್ಲ ಎಂದು ಹೊಡೆದವರನ್ನು ಕಂಡಿದ್ದೇನೆ. ಮೊದಲು ಇವನ್ನು ನೋಡಿಸಿ, ಆಮೇಲೆ ಮಿಕ್ಕ ಮಾತು. ಮಾತು, ಭಾಷೆ, ಶ್ರವಣದ ವಿಚಾರಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಪಕ್ಕದಲ್ಲೇ ಇದೆ. ಜಿಲ್ಲೆಯಲ್ಲೇ ಮಾನಸಿಕ ಆರೋಗ್ಯದ ಸೇವೆ ಸಿಗಬೇಕೆಂಬ ಯೋಚನೆಗೆ ದೇಶಕ್ಕೆಲ್ಲ ಮಾದರಿಯಾದದ್ದು 1985ರಲ್ಲಿ ನಮ್ಮ ಬಳ್ಳಾರಿ. ಫೋನಿನಲ್ಲಿ ಸಲಹೆಗೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಹುಡುಗ ನಲಿಕಲಿ ಕೊಠಡಿಗೆ ಸೇರಿದ. ನಲಿಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು ಕಟ್ಟಿದ ಪದ್ಧತಿ, 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಅಲ್ಲಿ ಕಲಿಕೆಯ ಏಣಿ ಇದೆ, ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿ ತಾನು ನಿಂತಿರುತ್ತದೆ. ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಹಿಡಿದು ತಾನೇ ಕಲಿಯುವ ಗುಂಪಿನ ತನಕ ‘ತಟ್ಟೆ’ಗಳಿವೆ. ಮಗು ಎದ್ದು ಕಾರ್ಡು ತರಬೇಕು, ಇನ್ನೊಂದು ಗುಂಪಿಗೆ ಓಡಬೇಕು, ಗೋಡೆಯ ಕೆಳಗಿನ ಕಪ್ಪುಹಲಗೆಯಲ್ಲಿ ಬರೆಯಬೇಕು. ಕೂತಲ್ಲಿ ಕೂರದ ಹುಡುಗನಿಗೆ ಓಡಾಟವೇ ಪಾಠದ ಭಾಗವಾಯಿತು. ಹಿಂದುಳಿದಿದ್ದೇನೆ ಎಂಬ ಅವಮಾನ ಏಣಿಯ ಮೇಲೆ ಅಷ್ಟಾಗಿ ಕಾಣುವುದಿಲ್ಲ. ನಲಿಕಲಿಯಲ್ಲಿ ಕುಂದುಗಳಿರಬಹುದು, ಕಾರ್ಡು ಹರಿದಿರಬಹುದು, ಒಬ್ಬರೇ ಟೀಚರ್ ಮೂರು ತರಗತಿ ನಡೆಸುತ್ತಿರಬಹುದು. ಇಂಥ ಮಗುವಿಗೆ ಇದಕ್ಕಿಂತ ಒಳ್ಳೆಯ ಕೊಠಡಿಯನ್ನು ನಾನು ಕಂಡಿಲ್ಲ. ಮರುವರ್ಷ ಕೊರೋನ ಬಂದು ಶಾಲೆ ಮುಚ್ಚಿ, ವಿದ್ಯಾಗಮ ಎಂದು ಅರಳಿಕಟ್ಟೆಯ ಮೇಲೆ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದಾಗಲೂ ಅವನು ಗಲಾಟೆ ಮಾಡಲಿಲ್ಲ. ಗುಂಪು ಚಿಕ್ಕದಿತ್ತು.

ನಾಲ್ಕನೇ ತರಗತಿಗೆ ಬಂದಾಗ ಏಣಿ ಹೋಯಿತು. ಸಾಲು ಬೆಂಚು, ಒಂದೇ ಪಠ್ಯ, ಎಲ್ಲರಿಗೂ ಒಂದೇ ಪುಟ, ಬೋರ್ಡಿನಿಂದ ನೋಟ್ಸು. ಎರಡು ವಾರಕ್ಕೆ ಕಚ್ಚುವುದು ಶುರುವಾಯಿತು. ನಲಿಕಲಿಯಲ್ಲಿ ಚೆನ್ನಾಗಿದ್ದನಲ್ಲ, ಈಗ ಕೊಬ್ಬು ಹೆಚ್ಚಿದೆ ಎಂದು ಶಾಲೆಯಲ್ಲಿ ಅಂದರು. ಕೊಬ್ಬಲ್ಲ, ಕಾಲಕೆಳಗಿನ ಮೆಟ್ಟಿಲು ತೆಗೆದಿದ್ದೇವೆ. ಮೂರರಿಂದ ನಾಲ್ಕಕ್ಕೆ ಹೋಗುವ ಈ ಜಾಗವೇ ನಮ್ಮ ಸರ್ಕಾರಿ ಶಾಲೆಗಳಲ್ಲಿ ಇಂಥ ಮಕ್ಕಳು ಎಡವುವ ಜಾಗ ಎಂದು ನನ್ನ ಅನುಭವ ಗಟ್ಟಿಯಾಗಿ ಹೇಳುತ್ತದೆ. ಇಲಾಖೆಯವರು ಈ ಮಾತನ್ನು ಗಮನಕ್ಕೆ ತಂದುಕೊಳ್ಳಬೇಕು.

ಆ ನಾಲ್ಕನೇ ತರಗತಿಯಲ್ಲಿ ಅವನಿಗಾಗಿ ಮಾಡಿದ ಹೊಂದಾಣಿಕೆಗಳಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಮುಂದಿನ ಬೆಂಚಿನ ಅಂಚಿನಲ್ಲಿ ಜಾಗ. ಒಮ್ಮೆಗೆ ಒಂದೇ ಸೂಚನೆ. ಪುಸ್ತಕ ತೆಗೆ, ಇಪ್ಪತ್ತನೇ ಪುಟ, ಮೂರನೇ ಪ್ರಶ್ನೆ ಬರೆ ಎಂದು ಒಂದೇ ಉಸಿರಿಗೆ ಹೇಳುವುದಿಲ್ಲ. ಇಡೀ ತರಗತಿಯ ಮುಂದೆ ಗಟ್ಟಿಯಾಗಿ ಓದಿಸುವುದಿಲ್ಲ, ಟೀಚರ ಮೇಜಿನ ಹತ್ತಿರ ಮೆಲ್ಲಗೆ ಎರಡು ಸಾಲು. ಸಮಾಜ, ವಿಜ್ಞಾನಕ್ಕೆ ಬಾಯಲ್ಲಿ ಉತ್ತರ. ನೋಟ್ಸು ಪೂರ್ತಿ ಬೇಡ, ಮೂರು ಸಾಲು ಸಾಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ಕೆಲಸ: ಹಾಜರಿ ಪುಸ್ತಕ ಕೊಟ್ಟು ಬಾ, ಬೋರ್ಡು ಒರೆಸು. ಸಿಟ್ಟು ಬಂದರೆ ನಲಿಕಲಿ ಕೊಠಡಿಗೆ ಹೋಗಿ ಚಿಕ್ಕವರಿಗೆ ಕಾರ್ಡು ಜೋಡಿಸಿಕೊಡಬಹುದು. ಈ ಕೊನೆಯದನ್ನು ಸೂಚಿಸಿದವರು ಅಡುಗೆಯವರು. ಅವನು ಚಿಕ್ಕ ಮಕ್ಕಳ ಜೊತೆ ತಣ್ಣಗಿರುತ್ತಾನೆ ಎಂಬುದನ್ನು ನಮ್ಮೆಲ್ಲರಿಗಿಂತ ಮೊದಲು ಕಂಡವರು ಆಕೆ. ಅವನಿಗೆ ಒಂಬತ್ತು ವರ್ಷವಾದಾಗ ಪ್ರಮಾಣಪತ್ರವೂ ಸಿಕ್ಕಿತು. ಮುಂದೆ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆಯುವವರ ನೆರವು, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಕಾಯ್ದೆಯಲ್ಲೇ ಇದೆ. ಆ ಹೊತ್ತಿಗೆ ಕಾಗದ ಕೈಯಲ್ಲಿರಬೇಕು.

ಅವನು ಈಗಲೂ ನಿಧಾನವಾಗಿಯೇ ಓದುತ್ತಾನೆ. ಬೆರಳಿಟ್ಟುಕೊಂಡು ಓದುತ್ತಾನೆ. ಸಿಟ್ಟು ಪೂರ್ತಿ ಹೋಗಿಲ್ಲ. ಟೀಸಿ ಮಾತ್ರ ಮತ್ತೆ ಯಾರೂ ಕೊಡಲಿಲ್ಲ.

ಶಿಕ್ಷಕ ಬಂಧುಗಳ ಮುಖ ನೋಡುತ್ತಿದ್ದೇನೆ. ಜನಗಣತಿ, ಚುನಾವಣೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್ ನಮೂದು, ಇವುಗಳ ನಡುವೆ ಇದೂ ಒಂದೇ ಎಂಬ ದಣಿವು ನಿಮ್ಮದು ಎಂದು ನನಗೆ ಗೊತ್ತು. ಒಬ್ಬ ಸಂಪನ್ಮೂಲ ಶಿಕ್ಷಕಿಗೆ ಅರ್ಧ ತಾಲ್ಲೂಕು ಒಪ್ಪಿಸಿದರೆ ಪ್ರತಿ ಶಾಲೆಗೆ ಅವಳು ಎಷ್ಟು ಸಲ ಬಂದಾಳು? ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, 2021ರ ಅಕ್ಟೋಬರಿನಲ್ಲಿ, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವಿರುವ ಹತ್ತು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ಇರಬೇಕೆಂದು ಹೇಳಿದೆ. ಆ ಹುದ್ದೆಗಳನ್ನು ತುಂಬಿ ಎಂದು ಕೇಳಬೇಕಾದವರು ತಾಯಂದಿರು ಮಾತ್ರವಲ್ಲ, ನಮ್ಮ ಶಿಕ್ಷಕರ ಸಂಘಗಳು. ವೇತನದ ಬೇಡಿಕೆಯ ಪಟ್ಟಿಯಲ್ಲಿ ಇದೊಂದು ಸಾಲೂ ಸೇರಲಿ. ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯ ನಡಾವಳಿಯಲ್ಲಿ ಬಣ್ಣ, ಕಾಂಪೌಂಡು ಬರೆಯುವಷ್ಟೇ ಸಹಜವಾಗಿ ಈ ಮಕ್ಕಳ ಅಗತ್ಯವೂ ಬರೆಯಲ್ಪಡಲಿ. ತಾಯಂದಿರೇ, ಶಾಲೆಯೇ ಕೇಳದಿದ್ದರೆ ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಟಪಾಲಿಗೆ ಕೊಡಿ; ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ, ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಅವರೂ ಮೊದಲು ಕೇಳುವುದು ಶಾಲೆಗೆ ಕೊಟ್ಟ ಅರ್ಜಿಯ ಪ್ರತಿಯನ್ನೇ.

ಈ ಸಭೆಯಲ್ಲಿ ಮುಖ್ಯಶಿಕ್ಷಕರು ಬಹಳ ಜನ ಇದ್ದೀರಿ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಬರುವ ಜೂನಿನಲ್ಲಿ ಶಾಲೆ ತೆರೆದ ಮೇಲೆ ಒಬ್ಬಳು ತಾಯಿ ಮಗುವಿನ ಕೈ ಹಿಡಿದು ಒಂದು ಹಾಳೆ ತಂದರೆ, ಆಮೇಲೆ ಬನ್ನಿ ಎನ್ನಬೇಡಿ. ಬರೆಯಲು ಬಾರದಿದ್ದರೆ ನೀವೇ ಬರೆದುಕೊಳ್ಳಿ, ಅವಳಿಗೆ ಓದಿ ಹೇಳಿ. ಎರಡನೆಯ ಪ್ರತಿಯ ಮೇಲೆ ತಾರೀಖು ಹಾಕಿ, ಸಹಿ ಮಾಡಿ, ಮೊಹರು ಒತ್ತಿ, ಅವಳ ಕೈಗೆ ಕೊಡಿ.